ಕರೆಯುವ ಹೆಸರು, ಬರೆಯುವ ಹೆಸರು

ಕಳೆದ ಮಾಘಮಾಸದಲ್ಲಿ ಮನೆಯ ಮಕ್ಕಳ ಒತ್ತಾಯಕ್ಕೆ ಕಟ್ಟುಬಿದ್ದು ದುಬಾರೆಗೆ ಹೋಗಿದ್ದೆವು. ಕುಶಾಲನಗರದಿಂದ ನಂಜರಾಯಪಟ್ಟಣದ ದಾರಿಯನ್ನು ಹಿಡಿದು ಹೋದರೆ ಕಾವೇರಿಯ ದಡವು ಸಿಕ್ಕುತ್ತದೆ. ದೋಣಿಯಲ್ಲಿ ದಾಟಿದರೆ ಅರಣ್ಯ ಇಲಾಖೆಯವರ ಆನೆಯ ಶಿಬಿರ. ಒಂದಾನೊಂದು ಕಾಲದಲ್ಲಿ ಕಾಡಿನಲ್ಲಿ ಕಡಿದ ದಿಮ್ಮಿಗಳನ್ನು ಎಳೆಯುವುದಕ್ಕಾಗಿ ಇಲ್ಲಿ ಆನೆಗಳನ್ನು ಸಾಕುತ್ತಿದ್ದರು. ಈಗ ಆ ಕೆಲಸವು ನಿಂತುಹೋಗಿದೆ. ತೋಟಗಳಿಗೆ ನುಗ್ಗುವ ಕಾಡಾನೆಗಳನ್ನು ಹಿಡಿಯುವುದಕ್ಕೂ ಮೈಸೂರಿನ ದಸರೆಯ ಮೆರವಣಿಗೆಗೂ ಈ ಆನೆಗಳು ಹೋಗಿಬರುತ್ತವೆ. ವಿಕ್ರಮ, ಗೋಪಿ, ಹರ್ಷ, ಪ್ರಶಾಂತ, ಧನಂಜಯ, ಕಾವೇರಿ, ವಿಜಯಾ ಎಂಬುವು ದುಬಾರೆಯಿಂದ ದಸರೆಗೆ ಹೋದ ಆನೆಗಳ ಹೆಸರುಗಳು. ಇವುಗಳನ್ನು ನೋಡಿಕೊಳ್ಳುವ ಮಾವುತರೂ ಕಾವಾಡಿಗಳೂ ಬಹುಮಟ್ಟಿಗೆ ಜೇನುಕುರುಬರು.

ನಾವು ಹೋದಾಗ ಆನೆಗಳಿಗೆ ಸ್ನಾನವಾಗುತ್ತಿದ್ದಿತು. ನಡುವಯಸ್ಸಿನ ಕಾವಾಡಿಯೊಬ್ಬನು ಒಂದು ಎಳೆಯ ಆನೆಯನ್ನು ನೀರಿನಲ್ಲಿ ಮಗ್ಗುಲಾಗಿ ಮಲಗಿಸಿಕೊಂಡು, ಅದರ ಕಿವಿಯ ಹಿಂಭಾಗವನ್ನು ತಿಕ್ಕುತ್ತ, "ಅಲ್ಲಾಡಬೇಡ ಮಗಾ, ಸ್ವಲ್ಪ ಇರು ಮಗಾ" ಎಂದು ಹೇಳುತ್ತಿದ್ದನು. ದಡದ ಬಂಡೆಯ ಮೇಲೆ ನಾಲ್ಕೈದು ವರ್ಷದ ಹೆಣ್ಣುಮಗುವೊಂದು ಕಾಲನ್ನು ನೀರಿಗೆ ಇಳಿಯಬಿಟ್ಟು ಕುಳಿತಿತ್ತು. ಅದರ ಅಜ್ಜಿಯು, "ಹಿಂದಕ್ಕೆ ಬಾ ಮರೀ, ಜಾರ್ತೀಯ ಮರೀ" ಎಂದು ಕೂಗಿದಳು. ನನ್ನ ಕೈ ಹಿಡಿದು ನಿಂತಿದ್ದ ಮೊಮ್ಮಗನು ಇವೆರಡನ್ನೂ ಕೇಳಿ, "ತಾತ, ಆನೆಗೆ ಮಗ ಅಂತಾರೆ, ಮಗೂಗೆ ಮರಿ ಅಂತಾರೆ. ಅದಲುಬದಲಾಗಿದೆ ಅಲ್ವಾ?" ಎಂದನು.

ಮೂವತ್ತೈದು ವರ್ಷ ಪಾಠ ಹೇಳಿದವನಿಗೆ ಇಂಥ ಪ್ರಶ್ನೆಯು ಬಂದರೆ ಸುಮ್ಮನಿರುವುದು ಕಷ್ಟ. ಅದಲುಬದಲು ಇಂದಿನದಲ್ಲವೆಂದು ಅವನಿಗೆ ಹೇಳಿದೆನು. ಸಂಸ್ಕೃತದಲ್ಲಿ ಮಗುವನ್ನು 'ವತ್ಸ' ಎಂದು ಕರೆಯುತ್ತಾರೆ. ವತ್ಸವೆಂದರೆ ಕರು. ಹಸುವು ಕರುವಿನ ಮೇಲೆ ಇಟ್ಟ ಪ್ರೀತಿಯಿಂದಲೇ 'ವತ್ಸಲ'ವೆಂಬ ಶಬ್ದವೂ, ಅದರಿಂದ 'ವಾತ್ಸಲ್ಯ'ವೂ ಹುಟ್ಟಿದುವು. ಕನ್ನಡದಲ್ಲಿ ನಾವು 'ಕಂದ' ಎನ್ನುತ್ತೇವೆ. ಅದರ ಬುಡದಲ್ಲಿಯೂ ಕರುವೇ ಇದೆ. ಹಳೆಯ ಕನ್ನಡದ 'ಕಂದು', ತುಳುವಿನ 'ಕಂಜಿ', ತಮಿಳಿನ 'ಕನ್ರು' ಇವೆಲ್ಲವೂ ಕರುವಿನ ಹೆಸರುಗಳೇ. ತಮಿಳಿನಲ್ಲಿಯಂತೂ ಆನೆಯ ಮರಿಗೂ ಆ ಮಾತೇ ಸಲ್ಲುತ್ತದೆ. ಹೀಗಿರುವಲ್ಲಿ ದುಬಾರೆಯ ಅಜ್ಜಿಯು ಮೊಮ್ಮಗಳನ್ನು ಮರಿಯೆಂದು ಕರೆದುದರಲ್ಲಿ ಆಶ್ಚರ್ಯವೇನು? ಕಾವಾಡಿಯು ಆನೆಯನ್ನು ಮಗನೆಂದದ್ದು ಸಾಲವನ್ನು ಹಿಂದಿರುಗಿಸಿದಂತಾಯಿತು. ಮೊಮ್ಮಗನಿಗೆ ಇದು ರುಚಿಸಿತೋ ಇಲ್ಲವೋ ತಿಳಿಯದು. ಅವನ ಕಣ್ಣು ಆನೆಯ ಸೊಂಡಿಲಿನ ಕಡೆಗೇ ಇದ್ದಿತು. ಆದಕಾರಣ ಉಳಿದುದನ್ನು ವಾಚಕರಿಗೆ ಹೇಳುತ್ತೇನೆ.

ಮುದ್ದಿನ ಹೆಸರೆಂದರೆ ಅಡಿಗೆಮನೆಯ ಮಾತು, ಅದಕ್ಕೆ ಶಾಸ್ತ್ರವೆಲ್ಲಿಯದು ಎಂದು ಅನೇಕರು ತಿಳಿದಿರಬಹುದು. ಮಹರ್ಷಿ ಪಾಣಿನಿಯು ಹಾಗೆ ತಿಳಿಯಲಿಲ್ಲ. ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದ ಮೂರನೆಯ ಪಾದದಲ್ಲಿ, 76ನೆಯ ಸೂತ್ರದಿಂದ ಮುಂದಕ್ಕೆ, ಅನುಕಂಪೆಯು ತೋರುವಂತೆ ಹೆಸರುಗಳನ್ನು ಮಾರ್ಪಡಿಸುವ ಬಗೆಯನ್ನು ಆತನು ವಿಧಿಸಿದ್ದಾನೆ. ಪುತ್ರನು 'ಪುತ್ರಕ'ನಾಗುವುದೂ ವತ್ಸನು 'ವತ್ಸಕ'ನಾಗುವುದೂ ಹೀಗೆಯೇ. ಹೆಸರು ಉದ್ದವಾಗಿದ್ದರೆ ಎರಡನೆಯ ಸ್ವರದಾಚೆಗಿರುವುದನ್ನೆಲ್ಲ ಕಡಿದು, ಉಳಿದ ತುಂಡಿಗೆ ಪ್ರತ್ಯಯವನ್ನು ಹಚ್ಚಬೇಕು. ದೇವದತ್ತನೆಂಬ ಗಂಭೀರವಾದ ಹೆಸರಿನ ಹುಡುಗನು ಮನೆಯಲ್ಲಿ ದೇವಿಕ, ದೇವಿಯ, ದೇವಿಲ ಎಂದಾಗುತ್ತಾನೆ. ಉಪೇಂದ್ರದತ್ತನು ಉಪಕನೋ ಉಪಡನೋ ಆಗುತ್ತಾನೆ. ವ್ಯಾಕರಣದ ಅಷ್ಟು ದೊಡ್ಡ ಶಿಲ್ಪಿಯು ತಾಯಂದಿರ ಬಾಯಿಯಲ್ಲಿ ಹೆಸರುಗಳು ಮುರಿಯುವ ಸದ್ದನ್ನು ಕಿವಿಗೊಟ್ಟು ಕೇಳಿದ್ದನೆಂಬುದನ್ನು ನೆನೆದರೆ ನನಗೆ ಇಂದಿಗೂ ಸಂತೋಷವಾಗುತ್ತದೆ.

ನಮ್ಮ ತಾಯಂದಿರು ಅಷ್ಟಾಧ್ಯಾಯಿಯನ್ನು ಓದಿದವರಲ್ಲ. ಆದರೂ ಅವರ ಕತ್ತರಿಯು ಅದೇ ಜಾಗದಲ್ಲಿ ಬೀಳುತ್ತದೆ. ಶ್ರೀನಿವಾಸನು ಸೀನ, ನಾರಾಯಣನು ನಾಣಿ, ಸುಬ್ರಹ್ಮಣ್ಯನು ಸುಬ್ಬು, ವೆಂಕಟೇಶನು ವೆಂಕು, ಪಾರ್ವತಿಯು ಪಾರು, ಪದ್ಮಾವತಿಯು ಪದ್ದು. ಎಲ್ಲವೂ ಎರಡೆರಡು ಅಕ್ಷರಗಳು. ಸರಸ್ವತಿಯು ಮಾತ್ರ ಸರಸುವಾಗಿ ಮೂರನ್ನು ಉಳಿಸಿಕೊಂಡಳು. ಪಾಣಿನಿಯೂ ಕೆಲವು ಹೆಸರುಗಳಿಗೆ ಮೂರನೆಯ ಸ್ವರದವರೆಗೆ ರಿಯಾಯಿತಿಯನ್ನು ಕೊಟ್ಟಿದ್ದಾನೆ. ಇದಲ್ಲದೆ ಯಾವ ಹೆಸರನ್ನೂ ಮುರಿಯದೆ ನೇರವಾಗಿ ಹುಟ್ಟಿದ ಪುಟ್ಟ, ಪುಟ್ಟಿ, ಚಿನ್ನ, ಬಂಗಾರ, ಗುಂಡ, ಪಾಪು ಎಂಬುವುಂಟು. ಹವ್ಯಕರ ಮನೆಗಳಲ್ಲಿ ಗಂಡುಹುಡುಗನು ಮಾಣಿ, ಹೆಣ್ಣುಹುಡುಗಿ ಕೂಸು. ಕೊಡವರಲ್ಲಿ ಮಗುವು ಕುಂಞಿ. ತಂದೆಯು ಮಗಳನ್ನು 'ತಾಯಿ' ಎಂದೂ 'ಅಮ್ಮಣ್ಣಿ' ಎಂದೂ ಕರೆಯುವುದನ್ನು, ತಾಯಿಯು ಮಗನನ್ನು 'ಅಪ್ಪ' ಎನ್ನುವುದನ್ನು ಬೇರೆ ದೇಶದವರು ಕೇಳಿದರೆ ತಬ್ಬಿಬ್ಬಾಗುವರು.

ಇದಕ್ಕೆ ಪ್ರೀತಿಯಲ್ಲದೆ ಇನ್ನೊಂದು ಕಾರಣವೂ ಉಂಟು. ಮೊಮ್ಮಗನಿಗೆ ತಾತನ ಹೆಸರನ್ನು ಇಡುವುದು ನಮ್ಮಲ್ಲಿ ಬಹುಕಾಲದ ಪದ್ಧತಿ. ಮಾವನ ಹೆಸರನ್ನು ಸೊಸೆಯು ಬಾಯಲ್ಲಿ ಎತ್ತಬಾರದೆಂಬುದೂ ಅಷ್ಟೇ ಹಳೆಯ ಪದ್ಧತಿ. ಈ ಎರಡು ಕಟ್ಟುಗಳ ನಡುವೆ ಸಿಕ್ಕಿದ ತಾಯಿಯು ತನ್ನ ಮಗುವನ್ನು ಕರೆಯುವುದು ಹೇಗೆ? ತೊಟ್ಟಿಲಲ್ಲಿ ಮಲಗಿದ್ದ ಮಗುವಿಗೆ ರಾಮಶೇಷಯ್ಯನೆಂಬ ಹೆಸರು ಇದ್ದರೂ ಅದನ್ನು ನುಡಿಯುವ ಅಧಿಕಾರವು ಹೆತ್ತವಳಿಗೆ ಇರಲಿಲ್ಲ. ಅವಳು 'ಪುಟ್ಟಾ' ಎಂದಳು, 'ಅಪ್ಪಯ್ಯಾ' ಎಂದಳು. ಅವಳಿಂದ ಕಿತ್ತುಕೊಂಡ ಹೆಸರಿನ ಜಾಗದಲ್ಲಿ ಅವಳೇ ಕಟ್ಟಿಕೊಂಡ ಹೆಸರು ಅದು. ಗೃಹ್ಯಸೂತ್ರಗಳಲ್ಲಿ ಇದಕ್ಕೆ ಸ್ವಲ್ಪ ಹತ್ತಿರವಾದ ಒಂದು ವಿಚಾರವಿದೆ. ನಾಮಕರಣದಲ್ಲಿ ಗಂಡುಮಗುವಿಗೆ ಸರಿಸಂಖ್ಯೆಯ ಅಕ್ಷರಗಳ ಹೆಸರನ್ನೂ ಹೆಣ್ಣಿಗೆ ಬೆಸಸಂಖ್ಯೆಯದನ್ನೂ ಇಡಬೇಕೆಂದು ವಿಧಿಸಿದ ಆಶ್ವಲಾಯನನು, ಅದರೊಡನೆ ಅಭಿವಾದನಕ್ಕೆ ಸಲ್ಲುವ ಇನ್ನೊಂದು ಹೆಸರನ್ನೂ ಗೊತ್ತುಮಾಡಬೇಕೆಂದೂ, ಉಪನಯನವಾಗುವವರೆಗೆ ಅದನ್ನು ತಾಯಿತಂದೆಗಳು ಮಾತ್ರ ಬಲ್ಲವರಾಗಿರಬೇಕೆಂದೂ ಹೇಳುತ್ತಾನೆ. ಲೋಕಕ್ಕೆ ಒಂದು ಹೆಸರು, ಹೆತ್ತವರಿಗೆ ಒಂದು ಹೆಸರು ಎಂಬುದು ಹೊಸದಲ್ಲ.

ಕೊಡಗಿನಲ್ಲಿ ಇದಕ್ಕೆ ಎರಡು ದೊಡ್ಡ ನಿದರ್ಶನಗಳಿವೆ. ಅಲ್ಲಿ ಹಿಂದೆ ಗಂಡುಮಗುವು ಹುಟ್ಟಿದೊಡನೆ ಹರಳುಗಿಡದ ಕಡ್ಡಿಯಿಂದ ಮಾಡಿದ ಪುಟ್ಟ ಬಿಲ್ಲನ್ನು ಅದರ ಕೈಗೆ ಮುಟ್ಟಿಸಿ, ಅಂಗಳದಲ್ಲಿ ಒಂದು ಗುಂಡು ಹಾರಿಸುತ್ತಿದ್ದರು. ಹಾಗೆ ಶನಿವಾರಸಂತೆಯಲ್ಲಿ ಹುಟ್ಟಿದ ಕೆ. ಎಂ. ಕಾರ್ಯಪ್ಪನವರು 1949ನೆಯ ಜನವರಿ 15ರಂದು ಭಾರತದ ಸೈನ್ಯಕ್ಕೆ ಮೊದಲನೆಯ ಭಾರತೀಯ ದಂಡನಾಯಕರಾದರು; 1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿಯನ್ನು ಪಡೆದರು. ಅವರನ್ನು ಬಂಧುಗಳು ಕರೆಯುತ್ತಿದ್ದುದು 'ಚಿಮ್ಮ' ಎಂದು. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ವಿಚಾರವು ಇನ್ನೂ ಸ್ವಾರಸ್ಯವಾದುದು. ಕೊಡಂದೇರವೆಂಬುದು ಮನೆತನ, ಸುಬ್ಬಯ್ಯನೆಂಬುದು ಅವರಿಗೆ ಇಟ್ಟ ಹೆಸರು, ತಿಮ್ಮಯ್ಯನೆಂಬುದು ತಂದೆಯವರ ಹೆಸರು. ಲೋಕವೆಲ್ಲ ಅವರನ್ನು ಬಲ್ಲುದು ತಂದೆಯ ಹೆಸರಿನಿಂದ. ಮನೆಯವರಿಗೆ ಮಾತ್ರ ಅವರು 'ದುಬ್ಬು'. 1965ರ ಡಿಸೆಂಬರಿನಲ್ಲಿ ದೂರದ ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಪಡೆಯ ಕಾರ್ಯದಲ್ಲಿರುವಾಗಲೇ ಅವರು ತೀರಿಕೊಂಡರು. ಮಡಿಕೇರಿಯಲ್ಲಿ ಅವರ ಮನೆ 'ಸನ್ನಿಸೈಡ್' 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿ ಪದಕಗಳನ್ನೂ ಪೋಷಾಕುಗಳನ್ನೂ ನೋಡುವಾಗ, ಈ ಗೋಡೆಗಳು ಆ ಹುಡುಗನನ್ನು ಯಾವ ಹೆಸರಿನಿಂದ ಕೂಗಿದ್ದನ್ನು ಕೇಳಿದ್ದುವೆಂಬುದು ನನ್ನ ಮನಸ್ಸಿಗೆ ಬರದೆ ಹೋಗದು.

ಮುದ್ದಿನ ಹೆಸರೇ ನಿಂತು ಲೋಕವನ್ನು ಗೆದ್ದುದೂ ಉಂಟು. ಕುಪ್ಪಳಿಯ ವೆಂಕಟಪ್ಪನವರ ಮಗನಾಗಿ 1904ರಲ್ಲಿ ಹುಟ್ಟಿದವರು ಪುಟ್ಟಪ್ಪನವರು. ಆ ಪುಟ್ಟ ಅಪ್ಪನೇ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿ, ಕುವೆಂಪು ಆಗಿ, ಕನ್ನಡಕ್ಕೆ ಮೊದಲ ಜ್ಞಾನಪೀಠವನ್ನು ತಂದರು. ಕಾಸರಗೋಡಿನ ಕಯ್ಯಾರ ಕಿಞ್ಞಣ್ಣ ರೈಗಳ ಹೆಸರಿನಲ್ಲಿರುವ ತುಳುವಿನ 'ಕಿಞ್ಞ'ಕ್ಕೂ ಅರ್ಥವು ಪುಟ್ಟದೆಂದೇ. 1915ರಲ್ಲಿ ಹುಟ್ಟಿ ನೂರು ವರ್ಷ ತುಂಬಿ 2015ರಲ್ಲಿ ತೀರಿಕೊಳ್ಳುವವರೆಗೂ ಅವರು ಕಿರಿಯಣ್ಣನಾಗಿಯೇ ಉಳಿದರು. ಕೊಡವರ ಹಾಡುಪಾಡುಗಳನ್ನು ಕೂಡಿಸಿ 1924ರಲ್ಲಿ 'ಪಟ್ಟೋಲೆ ಪಳಮೆ'ಯನ್ನು ಹೊರತಂದ ನಡಿಕೇರಿಯಂಡ ಚಿಣ್ಣಪ್ಪನವರ ಹೆಸರೂ ಕನ್ನಡದ ಕಿವಿಗೆ ಚಿಣ್ಣನನ್ನೇ ನೆನಪಿಗೆ ತರುತ್ತದೆ.

ಎಲ್ಲ ಮನೆಯ ಹೆಸರುಗಳೂ ಮುದ್ದಿನವಲ್ಲ. ಹುಟ್ಟಿದ ಮಕ್ಕಳು ಒಂದರ ಮೇಲೊಂದು ಹೋದ ಮನೆಯಲ್ಲಿ, ಉಳಿದ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಯ್ಯನೆಂದೂ ತಿಪ್ಪಮ್ಮನೆಂದೂ ಕರೆಯುತ್ತಿದ್ದರು, ಹುಚ್ಚಪ್ಪನೆಂದು ಕರೆಯುತ್ತಿದ್ದರು. ಮೃತ್ಯುವಿಗೆ ಈ ಕಸವು ಬೇಡವಾಗಲಿ ಎಂಬ ಆಸೆ. (ಚಿತ್ರದುರ್ಗದ ಸೀಮೆಯ ತಿಪ್ಪೇಸ್ವಾಮಿಗಳನ್ನು ಇದರಲ್ಲಿ ಸೇರಿಸಬಾರದು, ಅವರ ಹೆಸರು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳಿಂದ ಬಂದುದು.) ಆ ಹೆಸರುಗಳನ್ನು ಕೇಳಿ ನಗುವವರು ಅವುಗಳ ಹಿಂದಿರುವ ಬರಿದಾದ ತೊಟ್ಟಿಲುಗಳನ್ನು ಎಣಿಸಿಲ್ಲ. ಆದರೆ ಹೆಣ್ಣುಮಕ್ಕಳು ಸಾಕೆಂದು ಕೂಸಿಗೆ 'ಸಾಕಮ್ಮ'ನೆಂದು ಹೆಸರಿಟ್ಟ ಮನೆಗಳನ್ನು ನಾನು ಕ್ಷಮಿಸಲಾರೆನು. ಆ ಹೆಸರು ಎಲ್ಲ ಕಡೆಗೂ ಅದೇ ಕಾರಣದಿಂದ ಬಂದುದಲ್ಲವೆಂಬುದು ನಿಜ. ಸೋಮವಾರಪೇಟೆಯ ಕಾಫಿತೋಟಗಳನ್ನು ನಡೆಸಿ, ಬೆಂಗಳೂರಿನಲ್ಲಿ ಕಾಫಿಪುಡಿಯ ಕಾರ್ಖಾನೆಯನ್ನು ಕಟ್ಟಿ ಹೆಸರಾದ ಮಹನೀಯರೂ ಸಾಕಮ್ಮನವರೇ. ಇಂದಿನ ಪಟ್ಟಣದ ಮನೆಗಳಲ್ಲಿ ಕೇಳಿಬರುವ ಚಿಂಟು, ಬಬ್ಲು, ಸ್ವೀಟಿಗಳ ವಿಷಯದಲ್ಲಿ ನನಗೆ ಹೇಳತಕ್ಕದ್ದು ಏನೂ ಇಲ್ಲ; ಕೂಗಿದರೆ ಮಗುವು ಓಡಿಬಂದರೆ ಸಾಕು.

ಈಗ ದುಬಾರೆಯ ದಡಕ್ಕೆ ಹಿಂದಿರುಗಬೇಕು. ಅಷ್ಟು ಶಾಸ್ತ್ರವನ್ನು ಹೇಳಿದವನು ತನ್ನ ಲೆಕ್ಕವನ್ನೂ ಒಪ್ಪಿಸತಕ್ಕದ್ದು ನ್ಯಾಯ.

ಬಂಡೆಯ ಹತ್ತಿರ ನಿಂತಿದ್ದ ಆ ಅಜ್ಜಿಯು ನನ್ನನ್ನು ಎರಡು ಮೂರು ಸಲ ನೋಡಿ, "ನೀವು ಮೇಷ್ಟ್ರಲ್ವಾ?" ಎಂದು ಕೇಳಿದಳು. ಹೌದೆಂದೆನು. ಆಕೆಯು ನದಿಯ ಕಡೆಗೆ ತಿರುಗಿ ಎರಡಕ್ಷರದ ಒಂದು ಹೆಸರನ್ನು ಕೂಗಿದಳು. ಆನೆಯನ್ನು ತೊಳೆಯುತ್ತಿದ್ದ ಕಾವಾಡಿಯು, ಮೀಸೆಯು ಅಲ್ಲಲ್ಲಿ ನರೆತಿದ್ದ ಆ ಗಂಡಸು, ಐದು ವರ್ಷದ ಹುಡುಗನು ತಿರುಗುವ ಹಾಗೆಯೇ ತಟ್ಟನೆ ತಿರುಗಿ ನೋಡಿದನು. ಆ ಹೆಸರು ಕಿವಿಗೆ ಬಿದ್ದೊಡನೆ ನನಗೂ ನೆನಪಾಯಿತು.

ನಾನು ಉಪಾಧ್ಯಾಯನಾದ ಹೊಸತರಲ್ಲಿ ಕಾಡಿನಂಚಿನ ಒಂದು ಶಾಲೆಯಲ್ಲಿ ಕೆಲವು ಕಾಲ ಇದ್ದೆನು. ಜೂನ್ ತಿಂಗಳಲ್ಲಿ ಹಾಡಿಯ ಮಕ್ಕಳನ್ನು ಸೇರಿಸಿಕೊಳ್ಳುವಾಗ ಈ ತಾಯಿಯು ಮಗನನ್ನು ಕರೆತಂದಳು. ಹೆಸರೇನೆಂದು ಕೇಳಲು ಆ ಎರಡಕ್ಷರಗಳನ್ನು ಹೇಳಿದಳು. "ಅದು ಕರೆಯುವ ಹೆಸರಾಯಿತು, ಬರೆಯುವ ಹೆಸರೇನು?" ಎಂದೆನು. ಆಕೆಗೆ ಉತ್ತರ ತೋರಲಿಲ್ಲ. ನಾನು ಆಗತಾನೆ ಕಾವ್ಯವನ್ನೂ ವ್ಯಾಕರಣವನ್ನೂ ಮುಗಿಸಿ ಬಂದವನು. ಪುಟ್ಟ, ಗುಂಡ, ಕಾಳ ಎಂದು ದಾಖಲೆಯಲ್ಲಿ ಬರೆಯುವುದು ಮಕ್ಕಳಿಗೆ ಅವಮಾನವೆಂದು ತಿಳಿದಿದ್ದೆನು. ಒಂದು ಸೊಗಸಾದ ಸಂಸ್ಕೃತದ ಹೆಸರನ್ನು ಬರೆದೆನು. ಅದನ್ನು ಇಲ್ಲಿ ಹೇಳುವುದಿಲ್ಲ. ವಿದ್ಯೆಯನ್ನು ಧರಿಸಿದವನೆಂದು ಅದರ ಅರ್ಥ. ಜನ್ಮದಿನವು ಯಾರಿಗೂ ತಿಳಿಯದಿದ್ದುದರಿಂದ, ಅಂದಿನ ಉಪಾಧ್ಯಾಯರೆಲ್ಲ ಮಾಡುತ್ತಿದ್ದಂತೆ ಜೂನ್ ಒಂದನೆಯ ತಾರೀಖನ್ನು ಹಾಕಿದೆನು.

ಮರುದಿನದಿಂದ ಹಾಜರಿ ಕರೆಯುವಾಗ ಆ ಹೆಸರಿಗೆ ಉತ್ತರವಿಲ್ಲ. ಎಂಟು ದಿನ ಗೈರುಹಾಜರಿಯನ್ನು ಗುರುತುಮಾಡಿದೆನು. ಒಂಬತ್ತನೆಯ ದಿನ ಸಿಟ್ಟಿನಿಂದ, ಯಾರಾದರೂ ಹಾಡಿಗೆ ಹೋಗಿ ಅವನನ್ನು ಎಳೆದು ತನ್ನಿರೆಂದಾಗ, ದೊಡ್ಡ ಹುಡುಗನೊಬ್ಬನು, "ಸಾರ್, ಅವನು ಇಲ್ಲೇ ಕೂತಿದ್ದಾನೆ" ಎಂದನು. ಎಂಟು ದಿನವೂ ಆ ಹುಡುಗನು ಮೂರನೆಯ ಸಾಲಿನಲ್ಲಿ, ನನ್ನ ಕಣ್ಣೆದುರಿನಲ್ಲಿಯೇ ಕುಳಿತಿದ್ದನು. ಕೂಗಿದರೂ ಏಕೆ ಮಾತಾಡಲಿಲ್ಲವೆಂದು ಕೇಳಿ ಬೆತ್ತವನ್ನು ಎತ್ತಿದೆನು; ಎತ್ತಿದ್ದಷ್ಟೇ ಅಲ್ಲ, ಹೊಡೆದೆನು. ಅವನು ಅಳುತ್ತ, "ನನ್ನ ಕರೀಲಿಲ್ಲ" ಎಂದನು. ಅದು ಸುಳ್ಳೆಂದು ಮತ್ತೊಂದು ಏಟನ್ನು ಕೊಟ್ಟೆನು. ದಸರೆಗೆ ಆನೆಗಳೊಡನೆ ಅವನ ತಂದೆಯು ಮೈಸೂರಿಗೆ ಹೊರಟಾಗ ಇವನೂ ಹೋದನು. ಆ ಮೇಲೆ ಶಾಲೆಗೆ ಬರಲೇ ಇಲ್ಲ. (ಈಗ ದಸರೆಯ ದಿನಗಳಲ್ಲಿ ಮಾವುತರ ಮಕ್ಕಳಿಗಾಗಿ ಅರಮನೆಯ ಆವರಣದಲ್ಲಿಯೇ ಡೇರೆಯ ಶಾಲೆಯನ್ನು ನಡೆಸುತ್ತಾರೆ.) ನಾನು ಪಟ್ಟಿಯಲ್ಲಿ ಅವನ ಹೆಸರಿನ ಮೇಲೆ ಕೆಂಪು ಗೆರೆಯನ್ನು ಎಳೆದೆನು. ಆಗ ನನಗೆ ವ್ಯಥೆಯೇನೂ ಆಗಲಿಲ್ಲವೆಂಬುದನ್ನೂ ಬರೆಯಬೇಕು.

ಕಾವಾಡಿಯು ಒದ್ದೆಯ ಬಟ್ಟೆಯಲ್ಲಿಯೇ ಬಂದು ನಮಸ್ಕರಿಸಿದನು. ಏಟಿನ ಸುದ್ದಿಯನ್ನು ಅವನು ಎತ್ತಲಿಲ್ಲ. ಆದರೆ ಹೆಸರಿನ ಸುದ್ದಿಯನ್ನು ಎತ್ತಿದನು. ಮತದಾರರ ಚೀಟಿಯಲ್ಲಿಯೂ ಆಧಾರ್ ಚೀಟಿಯಲ್ಲಿಯೂ ತಾಯಿ ಕರೆದ ಹೆಸರು. ಶಾಲೆಯ ದಾಖಲೆಯಲ್ಲಿ ನಾನು ಬರೆದ ಹೆಸರು. ಜನ್ಮದಿನಕ್ಕೂ ಜಾತಿಗೂ ಶಾಲೆಯ ಕಾಗದವೇ ಬೇಕೆನ್ನುವ ಕಡೆಯಲ್ಲೆಲ್ಲ ಇವರಿಬ್ಬರೂ ಬೇರೆ ಬೇರೆ ಮನುಷ್ಯರಾಗುತ್ತಿದ್ದರು. ಇಬ್ಬರೂ ಒಬ್ಬನೇ ಎಂದು ಪ್ರಮಾಣಪತ್ರವನ್ನು ಮಾಡಿಸಲು ಅವನು ಮೂರು ವರ್ಷ ಅಲೆದಿದ್ದನಂತೆ. ಇದನ್ನೆಲ್ಲ ದೂರಾಗಿ ಹೇಳಲಿಲ್ಲ, ಮಳೆಗಾಲದ ವಿಷಯವನ್ನು ಹೇಳುವಂತೆ ಹೇಳಿದನು. ಕೊನೆಗೆ, "ಮೇಷ್ಟ್ರೆ, ಒಂದು ಕೇಳಬೇಕು ಅಂತಿದ್ದೆ. ಆ ಹೆಸರಿಗೆ ಏನು ಅರ್ಥ?" ಎಂದನು.

ನಾನು ಹೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೆ ರುಜು ಮಾತ್ರ ಬರುತ್ತೆ" ಎಂದು ನಕ್ಕನು. ನನಗೆ ನಗಲು ಆಗಲಿಲ್ಲ. ಅಂದು ಅವನು ಹೇಳಿದ್ದು ನಿಜವಾಗಿತ್ತು. ನಾನು ಅವನನ್ನು ಕರೆದಿರಲಿಲ್ಲ.

ಬಂಡೆಯ ಮೇಲಿದ್ದ ಮರಿಯು ಅವನ ಕೊನೆಯ ಮಗಳು. ಮುಂದಿನ ಜೂನಿಗೆ ಶಾಲೆಗೆ ಸೇರಿಸಬೇಕು. ಜನನದ ಪ್ರಮಾಣಪತ್ರದಲ್ಲಿ ಹೆಸರಿನ ಜಾಗವು ಖಾಲಿಯಾಗಿದೆ, ಇದಕ್ಕೇನಾದರೂ ದಂಡ ಬೀಳುವುದೇ ಎಂಬ ಭಯ ಅವನಿಗಿತ್ತು. ವಾಚಕರಲ್ಲಿಯೂ ಅನೇಕರಿಗೆ ಈ ಸಂದೇಹವಿರಬಹುದಾದುದರಿಂದ ಅವನಿಗೆ ಹೇಳಿದುದನ್ನು ಇಲ್ಲಿಯೂ ಬರೆಯುತ್ತೇನೆ. 1969ನೆಯ ಇಸವಿಯ ಜನನ ಮರಣ ನೋಂದಣಿಯ ಕಾಯಿದೆಯಂತೆ, ಹೆಸರನ್ನು ಇನ್ನೂ ಇಡದಿದ್ದರೂ ಮಗುವಿನ ಜನನವನ್ನು ನೋಂದಾಯಿಸಬಹುದು. ಹೆಸರನ್ನು ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆಯೂ, ಅದಾದ ಮೇಲೆ ಹದಿನೈದು ವರ್ಷಗಳವರೆಗೆ ಶುಲ್ಕವನ್ನು ತೆತ್ತೂ ಸೇರಿಸಬಹುದು. 2023ರ ತಿದ್ದುಪಡಿಯು ಆ ವರ್ಷದ ಅಕ್ಟೋಬರ್ ಒಂದರಿಂದ ಜಾರಿಗೆ ಬಂದಿದೆ; ಅಂದಿನಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೂ ಮತದಾರರ ಪಟ್ಟಿಗೂ ಈ ಒಂದು ಕಾಗದವೇ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಆಧಾರ. ಆದುದರಿಂದ ಅದರಲ್ಲಿ ಬರೆಯುವ ಹೆಸರನ್ನು ಆಸ್ಪತ್ರೆಯ ಗುಮಾಸ್ತರ ಅವಸರಕ್ಕೆ ಒಪ್ಪಿಸಬೇಡಿರಿ. ನನ್ನಂಥ ಉಪಾಧ್ಯಾಯರ ಪಾಂಡಿತ್ಯಕ್ಕೂ ಬೇಡ.

ಅವನು ಇದನ್ನೆಲ್ಲ ಕೇಳಿ, "ಹಂಗಾದ್ರೆ ಬರೆಯೋ ಹೆಸರು ನೀವೇ ಹೇಳಿ ಮೇಷ್ಟ್ರೆ" ಎಂದುಬಿಟ್ಟನು! ಅರ್ಥವೂ ನಾದವೂ ಚೆನ್ನಾಗಿರುವ ಹತ್ತು ಹೆಸರುಗಳು ನಾಲಗೆಯ ತುದಿಗೆ ಬಂದುವು. ಹಳೆಯ ಚಪಲವು ಹೋಗಿರಲಿಲ್ಲ. ಅವನ್ನು ನುಂಗಿಕೊಂಡು, ನಿನ್ನ ತಾಯಿಯನ್ನು ಕೇಳು, ಹೆಂಡತಿಯನ್ನು ಕೇಳು ಎಂದೆನು. ಯಾವ ಹೆಸರನ್ನು ಆರಿಸಿಕೊಂಡರೂ ಮೊದಲು ಒಂದೆರಡು ತಿಂಗಳು ಮನೆಯಲ್ಲಿ ಆ ಹೆಸರಿನಿಂದಲೇ ಕರೆಯಿರಿ, ಮಗುವು ಆ ಕರೆಗೆ ತಿರುಗಿ ನೋಡಿದ ಮೇಲೆ ಕಾಗದದಲ್ಲಿ ಬರೆಯಿಸಿರಿ ಎಂದೂ ಹೇಳಿದೆನು. ಅಜ್ಜಿಯು ತಲೆಯಾಡಿಸಿದಳು. ಮರಿಯು ಅಷ್ಟು ಹೊತ್ತಿಗೆ ನನ್ನ ಮೊಮ್ಮಗನ ಜೊತೆಯಲ್ಲಿ ಆನೆಗೆ ಬೆಲ್ಲವನ್ನು ಕೊಡುವುದಕ್ಕೆ ಹೋಗಿದ್ದಳು.

ಚೈತ್ರದ ಕೊನೆಯಲ್ಲಿ ಒಂದು ದಿನ ಸಂಜೆ ಅವನಿಂದ ಫೋನು ಬಂದಿತು. ಹೆಸರನ್ನು ಅವನ ತಾಯಿಯೇ ಆರಿಸಿದಳಂತೆ. ಅದು ಆಕೆಯ ಸ್ವಂತ ತಾಯಿಯ ಹೆಸರು. ಅದನ್ನು ಹೇಳಿದನು. ಸಂಸ್ಕೃತದ್ದಲ್ಲ, ಮೂರು ಅಕ್ಷರದ್ದು. ಬರೆಯಿಸಿ ಆಯಿತೇ ಎಂದು ಕೇಳಿದೆನ್ನು. "ನಾಳೆ ಹೋಗ್ತೀನಿ ಮೇಷ್ಟ್ರೆ. ಈಗ ಕರೆದ್ರೆ ತಿರುಗ್ತಾಳೆ" ಎಂದನು.